ಅಡ್ವಾನ್ಸ್ ಅನ್ನೋ ಎರಡನೇ ಬಾಡಿಗೆ

ಭಾಗ 1

ಬೆಂಗಳೂರಿನ ಬಾಡಿಗೆ ಬಗ್ಗೆ ನೀವೆಲ್ಲ ಸ್ಟೋರಿಗೆ ಹಾಕೋ ಮೀಮ್ ನೋಡ್ತಾನೇ ಇರ್ತೀನಿ. ಓನರ್ ಲಿಂಕ್ಡ್‌ಇನ್ ಪ್ರೊಫೈಲ್ ಕೇಳಿದ್ರಂತೆ, ಪಿಯುಸಿ ಮಾರ್ಕ್ಸ್ ಕೇಳಿದ್ರಂತೆ, ಇಂಟರ್‌ವ್ಯೂ ಮಾಡಿ ರಿಜೆಕ್ಟ್ ಮಾಡಿದ್ರಂತೆ. ಕೆಳಗೆ "ಪೀಕ್ ಬೆಂಗಳೂರು". ನಗು ಬರುತ್ತೆ, ನಾನೂ ಎರಡು ಫಾರ್ವರ್ಡ್ ಮಾಡಿದೀನಿ.

ಆದ್ರೆ ಒಂದು ಸಲ ನೋಡಿ, ಆ ಕಥೆಗಳಲ್ಲೆಲ್ಲ ಮನೆ ಸಿಗದೆ ಒದ್ದಾಡೋ ಹೀರೋ ಯಾವಾಗಲೂ ಒಬ್ಬನೇ: ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡ ಸಾಫ್ಟ್‌ವೇರ್ ಹುಡುಗ. ಅವನು ನೋಡೋಕೆ ಹೋದ ಫ್ಲಾಟಿಗೆ ಟೈಲ್ಸ್ ಕೂರಿಸಿದವರು, ಅಲ್ಲಿ ಪಾತ್ರೆ ತೊಳೆಯೋ ಅಕ್ಕ, ಗೇಟಲ್ಲಿ ರಿಜಿಸ್ಟರ್ ಹಿಡ್ಕೊಂಡಿರೋ ಸೆಕ್ಯೂರಿಟಿ ಅಣ್ಣ, ಅವನ ಶರ್ಟಿಗೆ ಕಾಲರ್ ಹೊಲಿದ ಹೆಂಗಸು, ಇವರೆಲ್ಲ ರಾತ್ರಿ ಎಲ್ಲಿ ಮಲಗ್ತಾರೆ, ಆ ಜಾಗಕ್ಕೆ ಎಷ್ಟು ಕೊಡ್ತಾರೆ ಅಂತ ಒಂದು ಮೀಮೂ ಇಲ್ಲ. ಕಾಲರ್ ಹೊಲಿಯೋರಲ್ಲಿ ಒಬ್ಬರು ನಮ್ಮಮ್ಮ. ಅದಕ್ಕೇ ಈ ಸೀರೀಸ್.

ನನ್ನ ವಾದ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಜಗಳ ಆಡೋಣ. ಈ ಊರಲ್ಲಿ ಸಂಬಳ ಕಮ್ಮಿ ಇರೋರಿಗೇ ಮನೆ ದುಬಾರಿ. ಸಂಬಳಕ್ಕೆ ಹೋಲಿಸಿದ್ರೆ ದುಬಾರಿ ಅನ್ನೋದು ಎಲ್ಲರಿಗೂ ಗೊತ್ತಿರೋ ಮಾತು. ನಾನು ಹೇಳ್ತಿರೋದು ಬೇರೆ: ಒಂದು ರೂಪಾಯಿ ಬಾಡಿಗೆಗೆ ಬಡವರ ಕೈಯಿಂದ ಹೋಗೋ ದುಡ್ಡೇ ಜಾಸ್ತಿ. ಬಿಕಾಂ ಓದ್ತಿದೀವಲ್ಲ, ಲೆಕ್ಕ ಹಾಕೋಣ.

ಭಾಗ 2: ಲೆಕ್ಕ

ಗಾರ್ಮೆಂಟ್ಸ್ ಟೈಲರ್ ಒಬ್ಬರ ಗ್ರಾಸ್ ಸಂಬಳ 14,000 ಅಂದ್ಕೊಳ್ಳಿ. ಪಿಎಫ್ 12% ಅಂದ್ರೆ 1,680. ಇಎಸ್‌ಐ 0.75% ಅಂದ್ರೆ 105. ಕೈಗೆ ಬರೋದು 12,215. ಒಂದು ದಿನ ರಜೆ ಹಾಕಿದ್ರೆ ಅದರಲ್ಲೂ ಕಟ್.

ಒಂದು ರೂಮು, ಒಂದು ಅಡುಗೆಮನೆ, ಬಾತ್‌ರೂಮಿಗೆ ಹೊರಗಡೆ ಹೋಗಬೇಕಾದ ವಠಾರದ ಮನೆ. ಬಾಡಿಗೆ 7,000 ಅಂತ ಇಟ್ಕೊಳ್ಳಿ. ಇದು ಸಂಬಳದ ಅರ್ಧಕ್ಕಿಂತ ಜಾಸ್ತಿ ಆಯ್ತು, ಇಲ್ಲೀವರೆಗೂ ನಿಮಗೆ ಆಶ್ಚರ್ಯ ಏನಿಲ್ಲ. ಈಗ ಅಡ್ವಾನ್ಸ್ ನೋಡಿ. ಹತ್ತು ತಿಂಗಳು. ಎಪ್ಪತ್ತು ಸಾವಿರ.

ತಿಂಗಳಿಗೆ 12,215 ತರೋರ ಹತ್ರ 70,000 ಹೇಗೆ ಬರುತ್ತೆ? ಉಳಿತಾಯದಿಂದ ಅಂತೂ ಅಲ್ಲ. ಚೀಟಿ ಎತ್ತುತ್ತಾರೆ, ತಾಳಿ ಗಿರವಿ ಇಡ್ತಾರೆ, ಸಂಘದಲ್ಲಿ ತಗೋತಾರೆ, ಅದೂ ಸಾಲದೆ ಇದ್ರೆ ಕೈಸಾಲ. ಕೈಸಾಲ ಅಂದ್ರೆ ಮೂರು ರೂಪಾಯಿ ಬಡ್ಡಿ. ಗೊತ್ತಿಲ್ಲದವರಿಗೆ: ನೂರಕ್ಕೆ ತಿಂಗಳಿಗೆ ಮೂರು. ವರ್ಷಕ್ಕೆ 36%. ಬ್ಯಾಂಕಲ್ಲಿ ಪರ್ಸನಲ್ ಲೋನ್ ಕೇಳಬಹುದಲ್ವಾ ಅಂತ ಕೇಳೋರು, ಗಾರ್ಮೆಂಟ್ಸ್ ಸ್ಯಾಲರಿ ಸ್ಲಿಪ್ ಹಿಡ್ಕೊಂಡು ಒಂದು ಸಲ ಬ್ರ್ಯಾಂಚಿಗೆ ಹೋಗಿ ಬನ್ನಿ.

70,000ಕ್ಕೆ ಮೂರು ರೂಪಾಯಿ ಬಡ್ಡಿ ತಿಂಗಳಿಗೆ 2,100. ಅಂದ್ರೆ ಬೋರ್ಡಲ್ಲಿ 7,000 ಅಂತ ಬರೆದಿರೋ ಮನೆಯ ನಿಜವಾದ ಬಾಡಿಗೆ 9,100. ಅಸಲು ಹಾಗೇ ಇರುತ್ತೆ, ಬಡ್ಡಿ ಮಾತ್ರ ಹೋಗ್ತಾ ಇರುತ್ತೆ.

ಈಗ ನಮ್ಮ ಹೀರೋನ ತಗೊಳ್ಳಿ. ಬಾಡಿಗೆ 25,000, ಅವನಿಗೂ ಹತ್ತು ತಿಂಗಳು, ಎರಡೂವರೆ ಲಕ್ಷ. ಅವನು ಎಫ್‌ಡಿ ಮುರಿದು ಕೊಟ್ಟ. ಎಫ್‌ಡಿ ಬಡ್ಡಿ 6% ಅಂದ್ಕೊಂಡ್ರೆ ವರ್ಷಕ್ಕೆ 15,000 ಲಾಸ್, ತಿಂಗಳಿಗೆ 1,250. ಬಾಡಿಗೆ ಮೇಲೆ 5% ಹೆಚ್ಚು. ಟೈಲರಿಗೆ ಅದೇ ಹತ್ತು ತಿಂಗಳ ರೂಲ್ 30% ಹೆಚ್ಚು ಬಿತ್ತು. ರೂಲ್ ಒಂದೇ, ಬೋರ್ಡ್ ಒಂದೇ.

ಆಪರ್ಚುನಿಟಿ ಕಾಸ್ಟ್ ಅಂತ ಮೊದಲ ಸೆಮ್‌ನಲ್ಲೇ ಓದಿದ್ವಿ. ಉದಾಹರಣೆಗೆ ಗೋಧಿ, ಗನ್ನು, ಬೆಣ್ಣೆ ಎಲ್ಲ ಕೊಟ್ಟರು. ವಠಾರದ ಅಡ್ವಾನ್ಸ್ ಕೊಟ್ಟಿದ್ರೆ ಅರ್ಧ ಕ್ಲಾಸಿಗೆ ಮನೆಯಲ್ಲೇ ಉತ್ತರ ಸಿಗ್ತಿತ್ತು.

ಭಾಗ 3: ಖಾಲಿ ಮಾಡುವಾಗ

ಅಡ್ವಾನ್ಸ್ ವಾಪಸ್ ಬರೋ ದುಡ್ಡು ತಾನೇ ಅಂತ ಇನ್‌ಬಾಕ್ಸಲ್ಲಿ ಮೂರು ಜನ ಕೇಳಿದೀರ. ಪೂರ್ತಿ ಬರಲ್ಲ. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಈ ಊರಲ್ಲಿ ಶಾಸ್ತ್ರದ ಥರ ಆಗಿದೆ. ಎರಡು ವರ್ಷ ಇದ್ರೂ ಹಿಡೀತಾರೆ, ಹತ್ತು ತಿಂಗಳಿಗೆ ಬಿಟ್ರೂ ಹಿಡೀತಾರೆ. ನಾವು ಹಿಂದಿನ ಮನೆ ಬಿಟ್ಟಾಗ ಪೇಂಟಿಂಗ್, ಒಂದು ಒಡೆದ ಸಿಂಕು, ಬಚ್ಚಲು ಬಾಗಿಲಿನ ಚಿಲಕ ಅಂತ ಲೆಕ್ಕ ಬರೆದು ಒಂಬತ್ತು ಸಾವಿರ ಕಟ್ ಮಾಡಿದ್ರು. ಸಿಂಕು ನಾವು ಹೋಗುವಾಗಲೇ ಒಡೆದಿತ್ತು. ಅಮ್ಮ ಅದನ್ನ ಹೇಳಿದ್ರು. "ಏನಮ್ಮಾ, ಇಷ್ಟು ದಿನ ಒಂದು ಮಾತೂ ಆಡ್ಲಿಲ್ಲ, ಈಗ ಹೇಳ್ತೀಯ?" ಅಂದ್ರು ಆಂಟಿ. ಒಂಬತ್ತು ಸಾವಿರ ಅಂದ್ರೆ ಅಮ್ಮನ ಕೈಗೆ ಬರೋ ಸಂಬಳದಲ್ಲಿ ಇಪ್ಪತ್ತು ದಿನಕ್ಕಿಂತ ಜಾಸ್ತಿ. ಕೈಸಾಲ ಕೊಟ್ಟವರು ಸಿಂಕಿನ ಕಥೆ ಕೇಳಲ್ಲ, ಅವರಿಗೆ ಪೂರ್ತಿ ಎಪ್ಪತ್ತು ಬೇಕು.

ದುಡ್ಡು ಯಾವಾಗ ವಾಪಸ್ ಬರುತ್ತೆ ಅನ್ನೋದು ಇನ್ನೊಂದು ತಮಾಷೆ. ಹೊಸ ಮನೆಯವರಿಗೆ ಅಡ್ವಾನ್ಸ್ ಇವತ್ತೇ ಬೇಕು, ಹಳೇ ಮನೆಯವರು "ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಕೊಡ್ತೀನಿ" ಅಂತಾರೆ. ಮಧ್ಯದ ಒಂದೂವರೆ ತಿಂಗಳು ಎರಡು ಅಡ್ವಾನ್ಸ್ ನಮ್ಮ ತಲೆ ಮೇಲೆ. ಮತ್ತೆ ಕೈಸಾಲ.

ಕೋರ್ಟಿಗೆ ಹೋಗಿ ಅಂತೀರಾ? ಬಿಸಿನೆಸ್ ಲಾ ನೋಟ್ಸ್ ತೆಗೀರಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ರಿಜಿಸ್ಟರ್ ಮಾಡಿಸಲೇಬೇಕು ಅಂತ 1908ರ ರಿಜಿಸ್ಟ್ರೇಷನ್ ಕಾಯ್ದೆ ಹೇಳುತ್ತೆ. ಅದಕ್ಕೇ ಎಲ್ಲರ ಅಗ್ರಿಮೆಂಟೂ 11 ತಿಂಗಳು. ಅದೂ ಇದ್ದವರಿಗೆ. ನಮ್ಮ ವಠಾರದಲ್ಲಿ ಆರು ಮನೆ, ಅಗ್ರಿಮೆಂಟ್ ಇರೋದು ಒಂದಕ್ಕೆ. ಉಳಿದವರದ್ದು ಬಾಯಿಮಾತು, ಒಂದು ಚಿಕ್ಕ ನೋಟ್‌ಬುಕ್ಕು, ಅದೂ ಓನರ್ ಮನೆಯಲ್ಲೇ ಇರುತ್ತೆ. ನಮ್ಮ ರಾಜ್ಯಕ್ಕೆ 1999ರ ಬಾಡಿಗೆ ಕಾಯ್ದೆ ಇದೆ, ಇಲ್ಲ ಅಂತಲ್ಲ. ಆದ್ರೆ ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನ ಅದು ಹೊರಗಿಡುತ್ತೆ. ಇವತ್ತು 3,500ಕ್ಕೆ ಏನು ಸಿಗುತ್ತೆ ಅಂತ ನೀವೇ ಹೇಳಿ. ನಾಲ್ಕು ಜನ ಹಂಚ್ಕೊಳ್ಳೋ ಪಿಜಿ ರೂಮಲ್ಲಿ ಒಂದು ಮಂಚವೂ ಡೌಟು.

2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದು ಒಪ್ಪಿತು. ಅದರಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ ಇದೆ. ಎರಡು ತಿಂಗಳು! ಆದ್ರೆ ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ಕಾನೂನು ಮಾಡಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ನಮ್ಮ ಏರಿಯಾದ ಲೈಟ್ ಕಂಬಗಳ ಮೇಲಿನ ಬೋರ್ಡುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಭಾಗ 4: "ಓನರ್‌ಗಳಿಗೂ ಕಷ್ಟ ಇದೆ ಗುರು"

ಇದೆ. ಕೆಳಗೆ ತಾವಿದ್ದು ಮೇಲೆ ಒಂದು ಮನೆ ಕಟ್ಟಿ, ಆ ಬಾಡಿಗೆಯಲ್ಲೇ ಔಷಧಿ ತಗೊಳ್ಳೋ ಅಜ್ಜಿಯರನ್ನ ನಾನೂ ನೋಡಿದೀನಿ. ಬಾಡಿಗೆ ಕೊಡದೆ ರಾತ್ರೋರಾತ್ರಿ ಸಾಮಾನು ಎತ್ಕೊಂಡು ಹೋಗೋರೂ ಇದಾರೆ. ಅದಕ್ಕೆ ಎರಡು ತಿಂಗಳು ಅಡ್ವಾನ್ಸ್ ಇಟ್ಕೊಳ್ಳಿ, ಯಾರು ಬೇಡ ಅಂದ್ರು? ಹತ್ತು ತಿಂಗಳದ್ದು ಯಾವ ರಿಸ್ಕಿಗೆ? ಹತ್ತು ತಿಂಗಳು ಬಾಡಿಗೆ ಬರದೆ ಸುಮ್ಮನೆ ಕೂರೋ ಓನರ್ ಈ ಊರಲ್ಲಿ ಹುಟ್ಟಿಲ್ಲ. ಅದು ಸೆಕ್ಯೂರಿಟಿ ಅಲ್ವೇ ಅಲ್ಲ, ಬಡ್ಡಿ ಇಲ್ಲದ ಸಾಲ. ಆರು ಮನೆ, ತಲಾ ಎಪ್ಪತ್ತು ಸಾವಿರ, ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಅದರಲ್ಲಿ ಮೇಲಿನ ಫ್ಲೋರ್ ಏಳುತ್ತೆ. ಗಾರ್ಮೆಂಟ್ಸ್ ಹೆಂಗಸರ ಕೈಸಾಲದಲ್ಲಿ ಕಟ್ಟಿದ ಫ್ಲೋರಿಗೆ ಮತ್ತೆ ಗಾರ್ಮೆಂಟ್ಸ್ ಹೆಂಗಸರಿಂದಲೇ ಅಡ್ವಾನ್ಸು.

ಬಾಡಿಗೆಗೆ ಕೇಳೋಕೆ ಹೋದಾಗ ಮೊದಲ ಪ್ರಶ್ನೆ ದುಡ್ಡಿಂದಲ್ಲ ಅನ್ನೋದನ್ನೂ ಹೇಳ್ಬೇಕು. "ನಿಮ್ ಕಡೆ ಯಾವ ಜನ?" ಇಷ್ಟು ನಯವಾಗಿ ಕೇಳ್ತಾರೆ. ಬೋರ್ಡಲ್ಲಿ "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಇರುತ್ತೆ, ಅದರ ಅರ್ಥ ಊಟದ್ದು ಮಾತ್ರ ಅಂತ ನಂಬೋರು ಇನ್ನೂ ಇದ್ರೆ ಒಳ್ಳೇದು, ಸುಖವಾಗಿರಿ. ಈ ಪ್ರಶ್ನೆಗೆ 'ಸರಿಯಾದ' ಉತ್ತರ ಇಲ್ಲದವರಿಗೆ ಹುಡುಕೋಕೆ ಉಳಿಯೋದು ನಾಲ್ಕು ಬೀದಿ. ಆ ನಾಲ್ಕು ಬೀದಿಯಲ್ಲಿ ಡಿಮ್ಯಾಂಡ್ ಜಾಸ್ತಿ, ಬಾಡಿಗೆ ಜಾಸ್ತಿ, ಮನೆ ಸಣ್ಣದು. ಡಿಮ್ಯಾಂಡ್ ಕರ್ವ್ ಬರೆಯುವಾಗ ಜಾತಿ ಯಾವ ಆಕ್ಸಿಸ್‌ನಲ್ಲಿ ಬರುತ್ತೆ ಅಂತ ಕೇಳಿದ್ರೆ ಕ್ಲಾಸಲ್ಲಿ ನಗ್ತಾರೆ.

ಭಾಗ 5: ಟ್ಯಾಕ್ಸ್ ಪೇಪರ್ ಇರೋರು ಇದನ್ನ ಸೇವ್ ಮಾಡ್ಕೊಳ್ಳಿ

ಸರ್ಕಾರ ಮನೆ ವಿಷಯದಲ್ಲಿ ಯಾರಿಗೆ ಸಹಾಯ ಮಾಡುತ್ತೆ? ಸ್ಕೀಮ್ ಹೆಸರು ಬಿಡಿ, ನಮ್ಮ ಇನ್‌ಕಮ್ ಟ್ಯಾಕ್ಸ್ ಟೆಕ್ಸ್ಟ್‌ಬುಕ್ ಸಾಕು. ಬಾಡಿಗೆ ಆದಾಯ ಬರೋರಿಗೆ ರಿಪೇರಿ, ನಿರ್ವಹಣೆ ಅಂತ 30% ಸ್ಟ್ಯಾಂಡರ್ಡ್ ಡಿಡಕ್ಷನ್. ಒಂದು ಬಿಲ್ಲೂ ತೋರಿಸಬೇಕಾಗಿಲ್ಲ, ಸುಣ್ಣ ಹೊಡೆಸದೆ ಇದ್ರೂ ಸಿಗುತ್ತೆ. (ಈಗ ಭಾಗ 3ರ ಪೇಂಟಿಂಗ್ ಹಣ ನೆನಪಿಸ್ಕೊಳ್ಳಿ. ಆ ಸುಣ್ಣಕ್ಕೆ ಬಾಡಿಗೆಯವರೂ ಕೊಟ್ರು, ಸರ್ಕಾರವೂ ಬಿಡ್ತು.) ಸಾಲ ಮಾಡಿ ಮನೆ ಕೊಂಡು ಅದರಲ್ಲೇ ಇದ್ರೆ ಹಳೇ ರಿಜೀಮ್‌ನಲ್ಲಿ ಬಡ್ಡಿ ಮೇಲೆ ಎರಡು ಲಕ್ಷದವರೆಗೆ ಕಡಿತ. ಬಾಡಿಗೆಯಲ್ಲಿರೋ ಸಂಬಳದಾರರಿಗೆ ಹಳೇ ರಿಜೀಮ್‌ನಲ್ಲಿ ಎಚ್‌ಆರ್‌ಎ ವಿನಾಯಿತಿ.

ವರ್ಷಕ್ಕೆ 1,68,000 ದುಡಿಯೋ ಟೈಲರಿಗೆ ಟ್ಯಾಕ್ಸೇ ಇಲ್ಲ, ಹಾಗಾಗಿ ವಿನಾಯಿತಿಯೂ ಇಲ್ಲ. ಸೋಪು, ಚಪ್ಪಲಿ, ಮೊಬೈಲ್ ರೀಚಾರ್ಜ್ ಮೇಲೆ ಜಿಎಸ್‌ಟಿ ಮಾತ್ರ ಕಟ್ತಾರೆ. "ಟ್ಯಾಕ್ಸ್ ಕಟ್ಟೋರು ನಾವು, ಫ್ರೀ ತಗೊಳ್ಳೋರು ಅವ್ರು" ಅಂತ ರೀಲ್ ಮಾಡೋ ಅಣ್ಣಂದಿರಿಗೆ ಈ ಚಾಪ್ಟರ್ ಡೆಡಿಕೇಟೆಡ್.

ಫ್ರೀ ಅಂದ್ಮೇಲೆ ಶಕ್ತಿ, ಗೃಹಜ್ಯೋತಿ ಬಗ್ಗೆ ಹೇಳದೆ ಇರೋಕಾಗಲ್ಲ. 2023ರ ಜೂನ್‌ನಿಂದ ಅಮ್ಮನಿಗೆ ಬಸ್ ಫ್ರೀ ಆಯ್ತು. ದೊಡ್ಡ ಉಪಕಾರ, ನಾನು ಅದನ್ನ ಆಡಿಕೊಳ್ಳಲ್ಲ. ಆದ್ರೆ ಆ ವರ್ಷ ದಸರಾ ಹೊತ್ತಿಗೆ ಬಾಡಿಗೆ 500 ಏರಿತು. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದ್ರೆ ಆರು ಮನೆಗೆ ಒಂದೇ ಮೀಟರ್ ಇರೋ ವಠಾರದಲ್ಲಿ ನಿಮ್ಮ ಹೆಸರಿಗೆ ಯಾವ ಆರ್‌ಆರ್ ನಂಬರ್ ಇದೆ ಅಪ್ಲೈ ಮಾಡೋಕೆ? ಓನರ್ ಹಾಕಿರೋ ಸಬ್ ಮೀಟರ್ ನೋಡಿ ಯೂನಿಟ್ಟಿಗೆ ಅವರು ಹೇಳಿದ ರೇಟು ಕೊಡ್ತಿದೀವಿ. ಬಡವರ ಕೈಗೆ ಹಾಕಿದ ದುಡ್ಡು ಬಾಡಿಗೆ ರೂಪದಲ್ಲಿ ಸೋರಿ ಹೋಗೋ ಪೈಪ್ ಇದು. ಬಾಡಿಗೆ ಮುಟ್ಟದೆ ಇರೋ ಯಾವ ಗ್ಯಾರಂಟಿಯೂ ಪೂರ್ತಿ ನಮ್ಮ ಮನೆ ತಲುಪಲ್ಲ.

ಭಾಗ 6: ಕಟ್ಟಿದವರು

ನಮ್ಮ ಕಾಲೇಜ್ ಹಿಂದೆ ಏಳ್ತಿರೋ ಅಪಾರ್ಟ್‌ಮೆಂಟ್ ಪಕ್ಕದ ನೀಲಿ ಶೀಟಿನ ಶೆಡ್ಡುಗಳನ್ನ ದಿನಾ ನೋಡ್ತೀರ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು, ಜೊತೆಗೆ ಬಿಹಾರ, ಬಂಗಾಳದವರು. ಕೆಲಸ ಕೊಟ್ಟವರೇ ಸೈಟಿನಲ್ಲೋ ಹತ್ತಿರದಲ್ಲೋ ಅವರಿಗೆ ಉಚಿತ ವಸತಿ ಕೊಡಬೇಕು ಅಂತ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲೇ ಇತ್ತು. ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯೋಕೆ, ಶೌಚಕ್ಕೆ ಬೇರೆ ಬೇರೆ ಜಾಗ ಇರಬೇಕು ಅಂತಲೂ ಇತ್ತು. ಕಾಯ್ದೆ ನಮಗಿಂತ ದೊಡ್ಡದು ವಯಸ್ಸಲ್ಲಿ. ಬೇಕಾದ್ರೆ ನಾಳೆ ಲಂಚ್ ಬ್ರೇಕಲ್ಲಿ ಹೋಗಿ ಆ ನೀಲಿ ಶೆಡ್ಡಲ್ಲಿ ಸ್ನಾನದ ಜಾಗ ಎಲ್ಲಿದೆ ಅಂತ ಕೇಳಿ. ಫೋಟೊ ಮಾತ್ರ ತೆಗೀಬೇಡಿ, ಅವರ ಮನೆ ಅದು.

ಅವರು ಶೆಡ್ಡಲ್ಲಿರೋದನ್ನೂ ಊರು ಸಹಿಸಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಕಡೆ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳನ್ನ ನೆಲಸಮ ಮಾಡಿದ್ರು. ಬಾಂಗ್ಲಾದೇಶದವರು ಅಂತ ಹಣೆಪಟ್ಟಿ ಹಚ್ಚಿದ್ರು. ಆಧಾರ್, ವೋಟರ್ ಐಡಿ ಹಿಡ್ಕೊಂಡು ನಿಂತವರಲ್ಲಿ ನಮ್ಮದೇ ಉತ್ತರ ಕರ್ನಾಟಕದ ಜನ ಇದ್ರು. ಹೈಕೋರ್ಟು ಆಮೇಲೆ ಅಧಿಕಾರಿಗಳಿಗೆ ಛೀಮಾರಿ ಹಾಕ್ತು. ಒಡೆದ ಶೆಡ್ಡಿನೊಳಗೆ ಇದ್ದ ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕಕ್ಕೆ ಛೀಮಾರಿಯಿಂದ ಏನಾಗುತ್ತೆ?

ಅದಕ್ಕೂ ಮುಂಚೆ 2013ರ ಜನವರಿ, ಈಜಿಪುರ. ಆರ್ಥಿಕವಾಗಿ ಹಿಂದುಳಿದವರಿಗೆ ಅಂತಲೇ ಕಟ್ಟಿದ ಕ್ವಾರ್ಟರ್ಸ್ ಜಾಗ ಅದು. ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನ ಜೆಸಿಬಿ ತಂದು ಎಬ್ಬಿಸಿದ್ರು. ಆ ಜಾಗದಲ್ಲಿ ಬರಬೇಕಾಗಿದ್ದದ್ದು ಮಾಲ್. ಎಬ್ಬಿಸಿದವರಲ್ಲಿ ಎಷ್ಟೋ ಜನ ಕೋರಮಂಗಲದ ಮನೆಗಳಲ್ಲಿ ಕೆಲಸ ಮಾಡ್ತಿದ್ದವರು. ಅಂದ್ರೆ ಕೋರಮಂಗಲಕ್ಕೆ ಅವರ ಕೈ ಬೇಕು, ತಲೆ ಇಡೋಕೆ ಜಾಗ ಬೇಡ.

ಇದನ್ನ ಬಾಯಿಬಿಟ್ಟು ಹೇಳಿದ ಒಂದು ವಾರವೂ ಇದೆ. 2020ರ ಮೇ. ಲಾಕ್‌ಡೌನಲ್ಲಿ ಕೆಲಸ ಇಲ್ಲ, ಬಾಡಿಗೆ ಕೇಳ್ತಾರೆ, ಜನ ಊರಿಗೆ ಹೋಗ್ತೀವಿ ಅಂತ ನಿಂತ್ರು. ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು ಅಂತ ಮಾರ್ಚ್ 29ಕ್ಕೇ ಕೇಂದ್ರ ಗೃಹ ಇಲಾಖೆ ಆದೇಶ ಇತ್ತು, ನಮ್ಮ ಬೀದಿಯಲ್ಲಿ ಅದನ್ನ ಓದಿದ ಓನರ್ ಒಬ್ಬರೂ ಸಿಗಲಿಲ್ಲ. ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿಗಳ ಮೀಟಿಂಗ್ ಆಯ್ತು, ಅದಾದ ಮೇಲೆ ಶ್ರಮಿಕ್ ರೈಲುಗಳನ್ನೇ ರಾಜ್ಯ ಸರ್ಕಾರ ರದ್ದು ಮಾಡಿಸಿತು. ದೇಶ ಪೂರ್ತಿ ಬೈದ ಮೇಲೆ ಮತ್ತೆ ಬಿಟ್ರು. ಹೋಗಬೇಡಿ, ನೀವಿಲ್ಲದೆ ಕಟ್ಟಡ ಏಳಲ್ಲ ಅಂತ ಅಷ್ಟು ಪ್ರೀತಿ. ಅದೇ ವರ್ಷ ಜುಲೈನಲ್ಲಿ ವಲಸೆ ಕಾರ್ಮಿಕರಿಗೆ ಕಮ್ಮಿ ಬಾಡಿಗೆಯ ವಸತಿ ಸಮುಚ್ಚಯ ಅಂತ ಕೇಂದ್ರದ ಸ್ಕೀಮ್ ಬಂತು. ನಿಮ್ಮ ಏರಿಯಾದಲ್ಲಿ ಒಂದಾದ್ರೂ ನೋಡಿದೀರಾ? ನಾನಂತೂ ಪೀಣ್ಯ ಪೂರ್ತಿ ಸುತ್ತಿದೀನಿ.

ಭಾಗ 7: "ಊರಲ್ಲೇ ಇರಬಹುದಿತ್ತಲ್ಲ"

ಈ ಕಮೆಂಟ್ ಬರುತ್ತೆ ಅಂತ ಗೊತ್ತಿತ್ತು. ಮೂವತ್ತಾರು ಲೈಕ್ ಬೇರೆ. ಊರಲ್ಲಿ ಒಂದೂವರೆ ಎಕರೆ ಮಳೆ ನಂಬಿದ ರಾಗಿ ಹೊಲ, ಮೂರು ಜನ ಅಣ್ಣತಮ್ಮಂದಿರು. ಲೆಕ್ಕ ನೀವೇ ಮಾಡಿ. ನಿಮ್ಮ ಬ್ರ್ಯಾಂಡೆಡ್ ಶರ್ಟು ಎಕ್ಸ್‌ಪೋರ್ಟ್ ಆಗ್ಬೇಕು, ನಿಮ್ಮ ಫುಡ್ ಹತ್ತು ನಿಮಿಷಕ್ಕೆ ಬರ್ಬೇಕು, ಮಾಡೋ ಜನ ಮಾತ್ರ ಊರಲ್ಲೇ ಇರ್ಬೇಕು.

ಇನ್ನೊಬ್ಬರು "ಮನೆ ಜಾಸ್ತಿ ಕಟ್ಟಿದ್ರೆ ಬಾಡಿಗೆ ತಾನಾಗಿ ಇಳಿಯುತ್ತೆ, ಸಪ್ಲೈ ಪ್ರಾಬ್ಲಮ್" ಅಂತ ಬರೆದಿದಾರೆ. ಕ್ಲಾಸ್ ಟಾಪರ್, ಹೆಸರು ಹಾಕಲ್ಲ. ಅವರಿಗೆ ಎರಡು ನಂಬರ್. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆ ಸುಮಾರು 1.1 ಕೋಟಿ. ಅದರ ಮರುವರ್ಷ ಕೇಂದ್ರದ ತಾಂತ್ರಿಕ ಸಮಿತಿ ಹೇಳಿದ ನಗರ ವಸತಿ ಕೊರತೆ 1.88 ಕೋಟಿ ಮನೆ, ಅದರಲ್ಲಿ 95%ಕ್ಕಿಂತ ಹೆಚ್ಚು ಕೊರತೆ ಬಡ ಮತ್ತು ಕಡಿಮೆ ಆದಾಯದವರದ್ದು. ಮನೆಯೂ ಖಾಲಿ, ಜನರಿಗೂ ಮನೆ ಇಲ್ಲ. ಕಟ್ಟಬೇಕು, ಒಪ್ತೀನಿ. ಯಾರಿಗೆ ಕಟ್ತಿದೀವಿ ಅನ್ನೋದನ್ನ ನಿಮ್ಮ ಸಪ್ಲೈ ಕರ್ವ್ ಹೇಳಲ್ಲ. ಹೂಡಿಕೆಗೆ ಅಂತ ಕೊಂಡು ಬೀಗ ಹಾಕಿದ ಮೂರನೇ ಫ್ಲಾಟೂ ಸಪ್ಲೈನೇ, ಅಲ್ವಾ?

ಕಂಪನಿಯವರು ಹಾಸ್ಟೆಲ್ ಕೊಡ್ತಾರಲ್ಲ ಅನ್ನೋರಿಗೆ: ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರು ಹಾಗೇ ಇದಾರೆ, ನಮ್ಮ ವಯಸ್ಸಿನೋರು. ಕೆಲಸ ಬಿಟ್ಟ ದಿನ ಹಾಸಿಗೆಯೂ ಹೋಗುತ್ತೆ. ಸೂಪರ್‌ವೈಸರ್ ಬೈದಾಗ ತಿರುಗಿ ಮಾತಾಡೋ ಮುಂಚೆ ರಾತ್ರಿ ಎಲ್ಲಿ ಮಲಗೋದು ಅಂತ ಯೋಚಿಸಬೇಕು. ಅದಕ್ಕೆ ವಸತಿ ಅನ್ನೋ ಪದ ನಾನು ಬಳಸಲ್ಲ.

ಭಾಗ 8: ಏನು ಕೇಳ್ತಿದೀನಿ

ಅಡ್ವಾನ್ಸ್ ಎರಡು ತಿಂಗಳಿಗೆ ಕಟ್, ಕಾನೂನಿನಲ್ಲಿ. ಬಾಡಿಗೆ ಕಾಯ್ದೆಯ 3,500ರ ಮಿತಿ ಇವತ್ತಿನ ಬಾಡಿಗೆಗೆ ತಕ್ಕ ಹಾಗೆ ಏರಬೇಕು. ಬಾಯಿಮಾತಿನ ಬಾಡಿಗೆಗೂ ರಸೀದಿ ಕಡ್ಡಾಯ ಆಗ್ಬೇಕು, ಯುಪಿಐ ಮೆಸೇಜ್ ಆದ್ರೂ ಸಾಕು. ಕಟ್ಟಡಗಳ ವೆಚ್ಚದ ಮೇಲೆ ವಸೂಲಾಗೋ 1% ಕಾರ್ಮಿಕ ಸೆಸ್ ಹಣದಲ್ಲಿ ಬಾಡಿಗೆ ಮನೆ ಕಟ್ಟಿ, ಸರ್ಕಾರವೇ ಓನರ್ ಆಗಲಿ, ಕೆಲಸದ ಜಾಗದ ಹತ್ತಿರ. ಊರಾಚೆ ನಲವತ್ತು ಕಿಲೋಮೀಟರ್ ದೂರ ಕಟ್ಟಿ ಉದ್ಘಾಟನೆ ಮಾಡೋದು ಬೇಡ, ಬೆಳಗ್ಗೆ ಎಂಟೂವರೆಗೆ ಪಂಚಿಂಗ್ ಇರುತ್ತೆ.

ಆಗದ ಮಾತು ಅಂತೀರ. 2016ರ ಏಪ್ರಿಲ್ ನೆನಪಿಸ್ಕೊಳ್ಳಿ, ನಾವೆಲ್ಲ ಆಗ ಪ್ರೈಮರಿ ಸ್ಕೂಲು. ಪಿಎಫ್‌ನಲ್ಲಿ ಕಂಪನಿ ಪಾಲನ್ನ 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ರೂಲ್ ತಂದಿತ್ತು. ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಂಗಸರು, ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದ್ರು. ಎರಡೇ ದಿನ. ರೂಲ್ ವಾಪಸ್. ದೊಡ್ಡ ದೊಡ್ಡ ಪಂಡಿತರು ಆಗ "ಇವರಿಗೆ ಉಳಿತಾಯದ ಬೆಲೆ ಗೊತ್ತಿಲ್ಲ" ಅಂತ ಮಾತಾಡಿದ್ರು. ಪಿಎಫ್ ಅಂದ್ರೆ ಅವರ ಜೀವನದಲ್ಲಿ ಒಟ್ಟಿಗೆ ಕೈಗೆ ಬರೋ ಒಂದೇ ದೊಡ್ಡ ದುಡ್ಡು ಅಂತ ಆ ಪಂಡಿತರಿಗೆ ಗೊತ್ತಿರಲಿಲ್ಲ. ಅದರಲ್ಲೇ ಮಗಳ ಮದುವೆ, ಅದರಲ್ಲೇ ಆಸ್ಪತ್ರೆ, ಅದರಲ್ಲೇ ಮನೆ ಅಡ್ವಾನ್ಸ್. ಅಮ್ಮ ಆ ದಿನ ಹೋಗಿದ್ರಾ ಅಂತ ಕೇಳಿದ್ರೆ ನಕ್ಕು ಸುಮ್ಮನಾಗ್ತಾರೆ.

ನಿಮ್ಮಿಂದ ಈಗ ಒಂದು ಕೆಲಸ ಬೇಕು. ನಿಮ್ಮ ಮನೆ ಅಥವಾ ಪಿಜಿ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ತಿಂಗಳದ್ದು, ಅದನ್ನ ಎಲ್ಲಿಂದ ತಂದ್ರಿ, ಬಿಡುವಾಗ ಎಷ್ಟು ಹಿಡಿದ್ರು, ಈ ನಾಲ್ಕು ಮಾತ್ರ ಡಿಎಂ ಮಾಡಿ. ನಿಮ್ಮ ಹೆಸರು, ಓನರ್ ಹೆಸರು, ಅಡ್ರೆಸ್ ಯಾವುದೂ ಬೇಡ. ಸ್ವಂತ ಮನೆ ಇರೋರು ಮನೆಗೆ ಕೆಲಸಕ್ಕೆ ಬರೋ ಅಕ್ಕನ್ನ ಕೇಳಿ ಕಳಿಸಿ, ಅವರು ಹೇಳಿದ್ರೆ ಮಾತ್ರ, ಬಲವಂತ ಮಾಡ್ಬೇಡಿ. ನೂರು ಜನರದ್ದು ಬಂದ್ರೆ ಟೇಬಲ್ ಮಾಡಿ ಮುಂದಿನ ಪೋಸ್ಟಲ್ಲಿ ಹಾಕ್ತೀನಿ, ಪ್ರಿಂಟ್ ತೆಗೆದು ನಮ್ಮ ಎಂಎಲ್‌ಎ ಆಫೀಸಿಗೂ ಕೊಟ್ಟು ಸೀಲ್ ಹಾಕಿಸ್ಕೊಂಡು ಬರ್ತೀನಿ. ಇವತ್ತಿನವರೆಗೆ ಬಂದಿರೋದು ಹದಿನೇಳು.

#ಟುಲೆಟ್ #ಅಡ್ವಾನ್ಸ್_ಎಷ್ಟು #ಗಾರ್ಮೆಂಟ್ಸ್ #ಬಿಕಾಂ_ಲೆಕ್ಕ